ಘೋಷಣೆಗಳ ಪಟ್ಟಿಯಿಂದ ರೈಲು ಓಡುವುದಿಲ್ಲ

ಬೆಂಗಳೂರಿನ ಸುತ್ತ 287 ಕಿ.ಮೀ. ಉದ್ದದ ವರ್ತುಲ ರೈಲು ಮಾರ್ಗದ ಪ್ರಸ್ತಾಪ 2024ರಲ್ಲಿ ಹೊರಬಿದ್ದಾಗಿನಿಂದ ಚರ್ಚೆ ಎರಡು ಪಾಳಯಗಳಾಗಿ ಒಡೆದಿದೆ. ಒಂದು ಕಡೆ ಜಮೀನು ಹೋಗುವ ಆತಂಕದಲ್ಲಿರುವ ರೈತರು. ಇನ್ನೊಂದು ಕಡೆ ನಗರದ ದಟ್ಟಣೆಗೆ ಇದೇ ಮದ್ದು ಎನ್ನುವವರು. ಆದರೆ ಇದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ವಿಚಾರ ಬೇರೆ ಇದೆ. 2050ರ ಕರ್ನಾಟಕದಲ್ಲಿ ಯಾವ ಊರಿನಿಂದ ಯಾವ ಊರಿಗೆ ಗಂಟೆಗೆ ಎಷ್ಟು ರೈಲು ಓಡಬೇಕು? ಯಾವ ಸರಕು ಯಾವ ಹಳಿಯ ಮೇಲೆ ಯಾವ ಬಂದರಿಗೆ ಹೋಗಬೇಕು? ವಿಧಾನಮಂಡಲ ಚರ್ಚಿಸಿ ಒಪ್ಪಿ, ಜನರ ಮುಂದಿಟ್ಟ ಇಂಥ ದೀರ್ಘಾವಧಿ ಯೋಜನೆ ನಮ್ಮಲ್ಲಿಲ್ಲ. ನಮ್ಮಲ್ಲಿರುವುದು ಮಂಜೂರಾದ ಮಾರ್ಗಗಳ ಪಟ್ಟಿ ಮಾತ್ರ.

ಆ ಪಟ್ಟಿಯ ಚರಿತ್ರೆ ನೋಡಿ. ಶ್ರವಣಬೆಳಗೊಳದ ಮೂಲಕ ಹಾಸನ–ಬೆಂಗಳೂರು ಮಾರ್ಗ 1996–97ರಲ್ಲಿ ಮಂಜೂರಾಯಿತು, ರೈಲು ಓಡಿದ್ದು 2017ರಲ್ಲಿ. ಬೀದರ್–ಕಲಬುರಗಿ ಮಾರ್ಗವೂ ಎರಡು ದಶಕ ತೆಗೆದುಕೊಂಡು ಅದೇ ವರ್ಷ ಮುಗಿಯಿತು. ತುಮಕೂರು–ದಾವಣಗೆರೆ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2011–12ರಲ್ಲಿ, ಗದಗ–ವಾಡಿಗೆ 2013–14ರಲ್ಲಿ. ಎರಡೂ ಇನ್ನೂ ಪೂರ್ತಿಯಾಗಿಲ್ಲ. ಹೆಜ್ಜಾಲ–ಚಾಮರಾಜನಗರ ಮಾರ್ಗ 1996–97ರಿಂದ ಕಡತದಲ್ಲಿಯೇ ಇದೆ. ಕಿತ್ತೂರಿನ ಮೂಲಕ ಧಾರವಾಡ–ಬೆಳಗಾವಿಯನ್ನು 73 ಕಿ.ಮೀ.ಯಲ್ಲಿ ಜೋಡಿಸುವ ಮಾರ್ಗ 2020ರಲ್ಲಿ ಮಂಜೂರಾದರೂ ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋಗುವವರು ಲೋಂಡಾ ಸುತ್ತುವುದು ತಪ್ಪಿಲ್ಲ.

ಬೆಂಗಳೂರಿನ ಉಪನಗರ ರೈಲು ಈ ಪಟ್ಟಿಯಲ್ಲಿ ಅತಿ ಕಹಿ ಉದಾಹರಣೆ. ನಾಲ್ಕು ಕಾರಿಡಾರ್, 148 ಕಿ.ಮೀ., 15,767 ಕೋಟಿ ರೂಪಾಯಿ. 2020ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು, 2022ರ ಜೂನ್‌ನಲ್ಲಿ ಪ್ರಧಾನಿಯಿಂದ ಶಂಕುಸ್ಥಾಪನೆ ಆಯಿತು. ಅಂದು ಕೊಟ್ಟ 40 ತಿಂಗಳ ಗಡುವು 2025ರ ಅಕ್ಟೋಬರ್‌ನಲ್ಲಿ ಮುಗಿದಾಗ ಒಂದು ಕಾರಿಡಾರ್‌ನಲ್ಲೂ ರೈಲು ಓಡುತ್ತಿರಲಿಲ್ಲ. ನಗರದೊಳಗಿನ ಈ ಕೆಲಸ ಅರ್ಧಕ್ಕೆ ನಿಂತಿರುವಾಗ ನಗರದ ಹೊರಗೆ ಅದರ ಸುಮಾರು ಇಮ್ಮಡಿ ಉದ್ದದ ವರ್ತುಲಕ್ಕೆ ಜಮೀನು ಗುರುತಿಸಲು ಹೊರಡುವುದು ಆದ್ಯತೆಯ ಅರಿವಿಲ್ಲದ ಆಡಳಿತದ ಲಕ್ಷಣ.

ಯೋಜನೆಯ ಕೊರತೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಪಶ್ಚಿಮ ಘಟ್ಟದಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ, ಇನ್ನೂರಕ್ಕೂ ಹೆಚ್ಚು ಸೇತುವೆಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು. ಸುಬ್ರಹ್ಮಣ್ಯ ರೋಡ್‌ನಲ್ಲಿ ಮೇಲೇರುವ ಗಾಡಿಯ ಹಿಂದೆ ತಳ್ಳಲು ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಇರುವುದು ಒಂದೇ ಹಳಿ. ಎದುರಿನಿಂದ ಸರಕು ಗಾಡಿ ಬರುತ್ತಿದ್ದರೆ ಪ್ರಯಾಣಿಕರ ರೈಲು ಯಡಕುಮರಿಯಂಥ ಕಾಡಿನ ನಡುವಿನ ನಿಲ್ದಾಣದಲ್ಲಿ ಕಾಯಬೇಕು, ಇಲ್ಲವೇ ಸರಕು ಗಾಡಿ ಕಾಯಬೇಕು. 2018ರಲ್ಲಿ, ಮತ್ತೆ 2024ರಲ್ಲಿ ಗುಡ್ಡ ಕುಸಿದಾಗ ಬೆಂಗಳೂರು–ಮಂಗಳೂರು ನೇರ ಸಂಪರ್ಕವೇ ಕಡಿದುಹೋಯಿತು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿದ ಈ ಮಾರ್ಗದಲ್ಲಿ ಮೊದಲು ಬಂದದ್ದು ಸರಕು ಗಾಡಿ, 2006ರಲ್ಲಿ. ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. ಬಂದರಿನ ಸರಕಿಗೂ ಊರಿಗೆ ಹೊರಟ ಜನರಿಗೂ ಇದೊಂದೇ ನೇರ ದಾರಿಯಾದ್ದರಿಂದ ಇಬ್ಬರೂ ಸೋಲುತ್ತಿದ್ದಾರೆ.

ಉತ್ತರದಲ್ಲಿ ಕ್ಯಾಸಲ್‌ರಾಕ್–ಕುಳೆ ಘಟ್ಟದ ಮಾರ್ಗವಿದೆ. ಅದನ್ನು ಜೋಡಿ ಹಳಿಯಾಗಿಸಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ನಡುವೆ ಹುಬ್ಬಳ್ಳಿ–ಅಂಕೋಲಾ ಪ್ರಸ್ತಾಪವಿದೆ. 1990ರ ದಶಕದ ಕೊನೆಯಿಂದ ಅದು ಕಾಡು ಮತ್ತು ಅಭಿವೃದ್ಧಿಯ ಹಗ್ಗಜಗ್ಗಾಟದಲ್ಲಿ ಸಿಕ್ಕಿಕೊಂಡಿದೆ. ಈ ಮಾರ್ಗ ಹುಟ್ಟಿದ್ದು ಬಳ್ಳಾರಿ–ಹೊಸಪೇಟೆ ಭಾಗದ ಕಬ್ಬಿಣದ ಅದಿರನ್ನು ಕರಾವಳಿಗೆ ಇಳಿಸುವ ಲೆಕ್ಕಾಚಾರದಲ್ಲಿ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು, 2022ರಲ್ಲಿ ಅದೇ ಕೋರ್ಟ್ ರಫ್ತಿಗೆ ಮತ್ತೆ ಅವಕಾಶ ಕೊಟ್ಟಿತು. ಸರಕಿನ ಲೆಕ್ಕ ಇಷ್ಟು ಬಾರಿ ತಲೆಕೆಳಗಾದರೂ ಪರ–ವಿರೋಧದ ಘೋಷಣೆಗಳು ಮಾತ್ರ ಬದಲಾಗಲಿಲ್ಲ.

ನನ್ನ ವಾದ ಇಷ್ಟು: ಈ ಮೂರು ಘಟ್ಟ ಮಾರ್ಗಗಳನ್ನು ಬೇರೆ ಬೇರೆ ಕಡತಗಳಾಗಿ ನೋಡುವುದೇ ತಪ್ಪು. ಮೂರೂ ಇರುವುದು ಬಯಲುಸೀಮೆಯನ್ನು ಸಮುದ್ರಕ್ಕೆ ಜೋಡಿಸಲು. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ತೂಗಬೇಕು. ಎಷ್ಟು ಸರಕು, ಯಾವ ಸರಕು, ಎಷ್ಟು ಪ್ರಯಾಣಿಕರು, ಎಷ್ಟು ಕಾಡು, ಎಷ್ಟು ಹಣ ಎಂಬುದನ್ನು ಜನರೆದುರು ಹೇಳಬೇಕು. ಹಾಗೆ ತೂಗಿದ ಮೇಲೆ ಒಂದನ್ನು ಬಲಪಡಿಸಿದರೆ ಇನ್ನೊಂದು ಬೇಕಿಲ್ಲ ಎಂದು ಗೊತ್ತಾಗಬಹುದು. ಆಗ ಉಳಿಯುವ ಕಾಡು ನ್ಯಾಯಾಲಯದ ತಡೆಯಾಜ್ಞೆಯಿಂದ ತಾತ್ಕಾಲಿಕವಾಗಿ ಉಳಿದ ಕಾಡಾಗಿರುವುದಿಲ್ಲ, ನಿರ್ಧಾರದಿಂದ ಶಾಶ್ವತವಾಗಿ ಉಳಿದ ಕಾಡಾಗಿರುತ್ತದೆ.

ಸರಕು ಸಾಗಣೆಗೆಂದೇ ಮೀಸಲಾದ ದೇಶದ ಎರಡು ರೈಲು ಕಾರಿಡಾರ್‌ಗಳಲ್ಲಿ ಒಂದೂ ಕರ್ನಾಟಕದ ನೆಲ ಮುಟ್ಟುವುದಿಲ್ಲ. 2020ರ ರಾಷ್ಟ್ರೀಯ ರೈಲು ಯೋಜನೆ ಸರಕು ಸಾಗಣೆಯಲ್ಲಿ ರೈಲಿನ ಪಾಲನ್ನು ಶೇ 45ಕ್ಕೆ ಏರಿಸುವ ಗುರಿ ಇಟ್ಟುಕೊಂಡಿದೆ. ಅಂದರೆ ಇನ್ನೂ ಬಹುಕಾಲ ನಮ್ಮಲ್ಲಿ ಉಕ್ಕು, ಕಲ್ಲಿದ್ದಲು, ಸಿಮೆಂಟ್, ಕಂಟೇನರ್‌ಗಳು ಜನರೊಂದಿಗೆ ಒಂದೇ ಹಳಿ ಹಂಚಿಕೊಳ್ಳಬೇಕು, ಅದೂ ಈಗಿನದಕ್ಕಿಂತ ಹೆಚ್ಚಾಗಿ. ಯಾವ ಹೊತ್ತಿನಲ್ಲಿ ಹಳಿ ಯಾರದು ಎಂದು ಮೊದಲೇ ಬರೆದಿಡದಿದ್ದರೆ ಪ್ರತಿ ದಿನ ಸೋಲುವುದು ಕಡಿಮೆ ದರದ ಪ್ಯಾಸೆಂಜರ್ ಗಾಡಿ ಹತ್ತುವವರು.

ಸ್ವಿಟ್ಜರ್‌ಲೆಂಡ್ ಇದನ್ನು ಹೇಗೆ ಮಾಡಿತು ಎಂಬುದರಲ್ಲಿ ನಮಗೆ ಪಾಠವಿದೆ. 1987ರಲ್ಲಿ ಅಲ್ಲಿನ ಮತದಾರರು ರೈಲು 2000 ಯೋಜನೆಗೆ ಜನಮತಗಣನೆಯಲ್ಲಿ ಒಪ್ಪಿಗೆ ಕೊಟ್ಟರು. ಮೊದಲು ವೇಳಾಪಟ್ಟಿ, ಅದಕ್ಕೆ ತಕ್ಕ ಹಳಿ ಆಮೇಲೆ ಎಂಬುದು ಅದರ ತಿರುಳು. ದೊಡ್ಡ ಜಂಕ್ಷನ್‌ಗಳ ನಡುವಿನ ಪ್ರಯಾಣ ಒಂದು ಗಂಟೆಯೊಳಗೆ ಮುಗಿದರೆ ಎಲ್ಲ ದಿಕ್ಕಿನ ರೈಲುಗಳೂ ಒಂದೇ ಹೊತ್ತಿಗೆ ಸೇರಿ, ಪ್ರಯಾಣಿಕರು ಕಾಯದೆ ಗಾಡಿ ಬದಲಿಸಬಹುದು. ಅದಕ್ಕೆ ಎಲ್ಲೆಲ್ಲಿ ನಿಮಿಷ ಉಳಿಸಬೇಕೋ ಅಲ್ಲಿ ಮಾತ್ರ ಹೊಸ ಹಳಿ ಹಾಕಿದರು. ಬರ್ನ್–ಜ್ಯೂರಿಕ್ ನಡುವೆ ಮುಖ್ಯವಾದ ಹೊಸ ಮಾರ್ಗ ತೆರೆದದ್ದು 2004ರಲ್ಲಿ. ಹದಿನೇಳು ವರ್ಷದಲ್ಲಿ ಸರ್ಕಾರಗಳು, ಮಂತ್ರಿಗಳು ಬದಲಾದರೂ ಯೋಜನೆಯ ಗುರಿ ಬದಲಾಗಲಿಲ್ಲ. ಅರಸೀಕೆರೆ, ಬೀರೂರು, ಹುಬ್ಬಳ್ಳಿ, ಹೊಸಪೇಟೆಗಳನ್ನು ಅಂಥ ಕೂಡುತಾಣಗಳನ್ನಾಗಿ ಕಲ್ಪಿಸಿಕೊಂಡರೆ ನಮ್ಮ ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದು ತಾನಾಗಿ ತಿಳಿಯುತ್ತದೆ.

ರೈಲ್ವೆ ಕೇಂದ್ರದ ವಿಷಯ, ರಾಜ್ಯ ಏನು ಮಾಡೀತು ಎಂಬ ಆಕ್ಷೇಪ ಬರುತ್ತದೆ. ಸಂವಿಧಾನದ ಮಟ್ಟಿಗೆ ಅದು ನಿಜ. ಆದರೆ ಕರ್ನಾಟಕ ಅನೇಕ ಹೊಸ ಮಾರ್ಗಗಳಿಗೆ ಜಮೀನನ್ನು ಉಚಿತವಾಗಿ ಕೊಟ್ಟು ಅರ್ಧ ವೆಚ್ಚವನ್ನೂ ಭರಿಸುತ್ತಿದೆ. ಹಣ ಕೊಡುವವರಿಗೆ ಕ್ರಮ ನಿರ್ಧರಿಸುವ ಹಕ್ಕೂ ಇರಬೇಕು. ಮಂತ್ರಿ ನಮ್ಮವರಾದರೆ ಸಾಕು ಎಂಬ ನಂಬಿಕೆಯನ್ನೂ ಬಿಡಬೇಕು. ಕೆಂಗಲ್ ಹನುಮಂತಯ್ಯ, ಟಿ.ಎ. ಪೈ, ಜಾರ್ಜ್ ಫರ್ನಾಂಡಿಸ್, ಜಾಫರ್ ಷರೀಫ್, ಮಲ್ಲಿಕಾರ್ಜುನ ಖರ್ಗೆ, ಸದಾನಂದ ಗೌಡ ಎಲ್ಲರೂ ರೈಲ್ವೆ ಮಂತ್ರಿಗಳಾಗಿದ್ದವರೇ. ಅವರಿಂದ ರಾಜ್ಯಕ್ಕೆ ಲಾಭವಾಗಿದೆ. ಆದರೂ ಮಂಗಳೂರೊಂದರಲ್ಲೇ ಹಳಿಗಳು ಪಾಲಕ್ಕಾಡ್ ವಿಭಾಗ, ಮೈಸೂರು ವಿಭಾಗ ಮತ್ತು ಕೊಂಕಣ ರೈಲ್ವೆ ಎಂದು ಮೂರು ಆಡಳಿತಗಳಿಗೆ ಹಂಚಿಹೋಗಿವೆ. ಒಬ್ಬ ಮಂತ್ರಿಯ ಅವಧಿಯಲ್ಲಿ ಸರಿಹೋಗುವ ಸಮಸ್ಯೆ ಇದಲ್ಲ.

ಆದ್ದರಿಂದ ರಾಜ್ಯ ಸರ್ಕಾರ 2050ರವರೆಗಿನ ರೈಲು ಜಾಲದ ಯೋಜನೆಯನ್ನು ಸಿದ್ಧಪಡಿಸಿ ವಿಧಾನಮಂಡಲದ ಮುಂದಿಡಲಿ. ಅದರಲ್ಲಿ ವೇಳಾಪಟ್ಟಿ ಮೊದಲಿರಲಿ, ಸರಕಿನ ಅಂದಾಜು ಬಹಿರಂಗವಾಗಿರಲಿ, ಪ್ರತಿ ಮಾರ್ಗಕ್ಕೂ ಸರದಿ ಇರಲಿ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ನಡೆಯಲಿ. ಅಲ್ಲಿಯವರೆಗೆ ವರ್ತುಲ ರೈಲಿಗಾಗಿ ಯಾವ ರೈತನ ಹೊಲಕ್ಕೂ ಗುರುತುಕಲ್ಲು ಬೀಳಬಾರದು. ಇನ್ನು ಓದುಗರಲ್ಲಿ ಒಂದು ಮನವಿ: ಮತ ಕೇಳಲು ಬಂದವರು ನಿಮ್ಮ ಊರಿಗೆ ಹೊಸ ಮಾರ್ಗ ತರುತ್ತೇವೆಂದರೆ, ಅದು ಯಾವ ಯೋಜನೆಯ ಭಾಗ, ಅದಕ್ಕಿಂತ ಮೊದಲೇ ಮಂಜೂರಾದವುಗಳ ಗತಿ ಏನು ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಭರವಸೆಯನ್ನು ನಂಬಬೇಡಿ.