ಕಾದದ್ದು ಕಾರಿಗೋ, ತೆರಿಗೆ ವಿನಾಯಿತಿಗೋ?

2013ರ ಕೊನೆಯ ತಿಂಗಳುಗಳಲ್ಲಿ ನೆದರ್ಲೆಂಡ್ಸ್‌ನ ಸಾವಿರಾರು ಉದ್ಯೋಗಸ್ಥರು ಪ್ಲಗ್-ಇನ್ ಹೈಬ್ರಿಡ್ ಕಾರಿಗೆ ಬೇಡಿಕೆ ಸಲ್ಲಿಸಿ ದಿನ ಎಣಿಸುತ್ತಿದ್ದರು. ವಿದ್ಯುತ್ತಿನಿಂದ ಬ್ಯಾಟರಿ ತುಂಬಿಕೊಂಡು, ಅದು ಬರಿದಾದ ಮೇಲೆ ಪೆಟ್ರೋಲು ಇಲ್ಲವೆ ಡೀಸೆಲಿನಲ್ಲಿ ಓಡುವ ವಾಹನವಿದು. ಬ್ಯಾಟರಿಯ ತೊಂದರೆಯಿಂದ ಮಿತ್ಸುಬಿಷಿ ಔಟ್‌ಲ್ಯಾಂಡರ್‌ನ ಪೂರೈಕೆ ಮೊದಲೇ ತಡವಾಗಿತ್ತು. ಕಾದವರ ಆತಂಕ ಮಾತ್ರ ಗಾಳಿಯ ಶುದ್ಧತೆಯದಲ್ಲ. ಡಿಸೆಂಬರ್ 31ರೊಳಗೆ ನೋಂದಣಿಯಾದರೆ, ಕಂಪನಿಯ ಕಾರನ್ನು ಸ್ವಂತಕ್ಕೆ ಬಳಸಿದರೂ ಐದು ವರ್ಷ ಅದರ ಮೇಲೆ ಆದಾಯ ತೆರಿಗೆಯಿಲ್ಲ. ಜನವರಿ 1 ಬಂದರೆ ಕಾರಿನ ಬೆಲೆಯ ಶೇ. 7ರಷ್ಟು ಮೊತ್ತ ವಾರ್ಷಿಕ ವರಮಾನಕ್ಕೆ ಸೇರುತ್ತದೆ!

ಔಟ್‌ಲ್ಯಾಂಡರ್ ಕಿಲೋಮೀಟರಿಗೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆಂಬುದು ಪ್ರಯೋಗಾಲಯದ ಲೆಕ್ಕ. ಸಂಶೋಧನಾ ಕೇಂದ್ರದ ತಾಕಿನ ಇಳುವರಿಯನ್ನು ತನ್ನ ಗದ್ದೆಯಲ್ಲಿ ಹುಡುಕಿ ಸೋತ ಮಲೆನಾಡಿನ ರೈತನಿಗೆ ಇಂಥ ಲೆಕ್ಕದ ಬೆಲೆ ಚೆನ್ನಾಗಿ ಗೊತ್ತು. ಇಂಧನದ ಖರ್ಚನ್ನು ಕಂಪನಿಯೇ ಭರಿಸುವಾಗ ದಿನವೂ ಪ್ಲಗ್ ಹಾಕುವ ತೊಂದರೆ ಯಾರಿಗೆ ಬೇಕು? ಬ್ರಿಟನ್ನಿನಲ್ಲಂತೂ ಕೆಲವು ಕಂಪನಿ ಕಾರುಗಳಲ್ಲಿ ಚಾರ್ಜಿಂಗ್ ಕೇಬಲ್ ಪೊಟ್ಟಣವನ್ನೇ ಬಿಚ್ಚದೆ ಬಿದ್ದಿದ್ದುದು 2018ರಲ್ಲಿ ವರದಿಯಾಯಿತು. 2021ರಲ್ಲಿ ನೋಂದಣಿಯಾದ ಇಂಥ ಕಾರುಗಳೊಳಗಿನ ಮಾಪಕಗಳು ದಾಖಲಿಸಿದ ಅಂಕಿಗಳನ್ನು ಯುರೋಪಿಯನ್ ಆಯೋಗ 2024ರಲ್ಲಿ ಮುಂದಿಟ್ಟಿತು: ರಸ್ತೆಯಲ್ಲಿ ಅವು ಹೊರಸೂಸಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಲೆಕ್ಕಕ್ಕಿಂತ ಸುಮಾರು 3.5 ಪಟ್ಟು.

2017ರಿಂದ ಹೊಸ ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ನೆದರ್ಲೆಂಡ್ಸ್ ಈ ರಿಯಾಯಿತಿಯನ್ನು ನಿಲ್ಲಿಸಿತು. 2013ರಲ್ಲಿ ನೋಂದಣಿಯಾದವು ಮಾತ್ರ ತಮ್ಮ ಐದು ವರ್ಷಗಳನ್ನು ಪೂರೈಸಿಕೊಂಡವು. ಬಿಟ್ಟುಕೊಟ್ಟ ತೆರಿಗೆ ಸಾರ್ವಜನಿಕರದು. ಸರ್ಕಾರಗಳು ವಿನಾಯಿತಿ ಕೊಡುವುದಾದರೆ ವಿದ್ಯುತ್ತಿನಲ್ಲಿ ನಿಜವಾಗಿ ಓಡಿದ ದೂರವನ್ನು ಅಳೆದು ಕೊಡಲಿ. ಅಳೆಯುವ ಮಾಪಕ ಕಾರಿನೊಳಗೇ ಇದೆಯಲ್ಲ!