ಜಾತಿ ಕೇಳದ ಕೃಪೆ

ಪುಣೆ ಕ್ಯಾಂಪಿನ ಸೇಂಟ್ ಮೇರಿ ಚರ್ಚನ್ನು 1825ರಲ್ಲಿ ಬಿಷಪ್ ಹೀಬರ್ ಪ್ರತಿಷ್ಠಾಪಿಸಿದ್ದು ಕಂಪನಿಯ ಸೈನ್ಯಕ್ಕಾಗಿ. ಕ್ರೈಸ್ತನೆಂದರೆ ಆಳುವವರ ಕಡೆಯವನೆಂದು ಊರಿನ ಜನ ಅನುಮಾನಿಸಿದ್ದರೆ ಅದು ಸಹಜ. ಆ ಲೆಕ್ಕವನ್ನು ತಪ್ಪಿಸಿದವರು 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರೂ ಅಲ್ಲಿನ ಗುರುಹಿರಿಯರಿಗೆ ತಮ್ಮ ವಿವೇಕವನ್ನು ಅವರು ಒತ್ತೆಯಿಡಲಿಲ್ಲ. ಸಂಸ್ಕೃತ ಪಾಂಡಿತ್ಯವಾಗಲಿ ಬ್ರಾಹ್ಮಣ ಜನ್ಮವಾಗಲಿ ದೇವರ ಮುಂದೆ ಅರ್ಹತೆಯೆಂದು ಎಣಿಸಲೂ ಇಲ್ಲ. ಪುಣೆಯ ಶಾರದಾ ಸದನದಲ್ಲಿ ವಿಧವೆಯರಿಗೆ ನೆಲೆ ಕೊಟ್ಟರು. ಮುಂದೆ ಕೇಡಗಾಂವದ ಮುಕ್ತಿ ಸದನದಲ್ಲಿ ಬರಗಾಲದಿಂದ ಬಸವಳಿದ ಹೆಣ್ಣುಮಕ್ಕಳನ್ನು ಜಾತಿ ಕೇಳದೆ ಸೇರಿಸಿಕೊಂಡರು. ಅರ್ಹತೆ ಕೇಳದ ದೇವರ ಕೃಪೆಯೇ ಸಾಕಾದರೆ ನಡತೆಗೆ ಬೆಲೆಯೇನು ಎಂಬ ಆಕ್ಷೇಪ ಹಳೆಯದು. ಮುಕ್ತಿಯಲ್ಲಿ ಆ ಹೆಣ್ಣುಮಕ್ಕಳು ಓದಿದರು, ನೇಯ್ದರು, ಅಚ್ಚುಕೂಟದಲ್ಲಿ ದುಡಿದರು. ಆದರೆ ದುಡಿಮೆ ಒಳಬರಲು ತೆರಬೇಕಾದ ಸುಂಕವಾಗಿರಲಿಲ್ಲ, ಸೇರಿದ ಮೇಲೆ ಅರಳಿದ ಬಾಳಾಗಿತ್ತು. ಕ್ರೈಸ್ತ ಸಭೆಯೊಳಗೇ ಜಾತಿ ಉಳಿದಿಲ್ಲವೇ ಎಂಬ ಇನ್ನೊಂದು ಪ್ರಶ್ನೆ ಹೆಚ್ಚು ಕಠಿಣ, ಹೆಚ್ಚು ನ್ಯಾಯವಾದದ್ದು. ಉಳಿದಿದೆ. ದಕ್ಷಿಣದ ಕೆಲವೆಡೆ ದಲಿತ ಕ್ರೈಸ್ತರಿಗೆ ಸಮಾಧಿಭೂಮಿಯೂ ಬೇರೆ. ಇದು ಕೃಪೆಯ ಸೋಲಲ್ಲ, ಅದನ್ನು ಬಾಯಲ್ಲಿ ಒಪ್ಪಿ ಬಾಳಿನಲ್ಲಿ ನಿರಾಕರಿಸಿದವರ ಅಪರಾಧ. ಒಂದೇ ರೊಟ್ಟಿ, ಒಂದೇ ಪಾತ್ರೆಯಲ್ಲಿ ಪಾಲುಗೊಳ್ಳುವ ಸಭೆಗಳು ಮೊದಲು ಆ ಸಮಾಧಿಗಳ ನಡುವಿನ ಗೋಡೆಗಳನ್ನು ಕೆಡವಲಿ.