ನೆಲದಿಂದೇಳುವ ಬಲ

ವಯಸ್ಸಾದವರು ನೆಲದಿಂದ ಏಳಲಾರದೆ ಗೋಡೆ ಹಿಡಿದಾಗ ‘ಮುಪ್ಪು, ಏನು ಮಾಡುವುದು?’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಈ ಮುಪ್ಪಿನಲ್ಲಿ ಬಡತನದ ಪಾಲೆಷ್ಟು ಎಂದು ಕೇಳುವವರು ವಿರಳ.

ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೊ ಜಿಲ್ ಅರೌಜೊ ಮತ್ತು ಸಂಗಡಿಗರು 51ರಿಂದ 80 ವರ್ಷದ 2,002 ಮಂದಿಯನ್ನು ನೆಲದ ಮೇಲೆ ಕೂರಿಸಿ ಏಳಿಸಿ ಪರೀಕ್ಷಿಸಿದರು. ಒಟ್ಟು 10 ಅಂಕ. ಕೈಯನ್ನೋ ಮೊಣಕಾಲನ್ನೋ ಊರಿದ ಪ್ರತಿ ಸಲಕ್ಕೂ ಒಂದು ಅಂಕ ಕಡಿತ. ಆರೇಳು ವರ್ಷಗಳಲ್ಲಿ, ತೀರ ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚಾಗಿ ಕಂಡಿತೆಂದು 2012ರಲ್ಲಿ ಪ್ರಕಟಿಸಿದರು. ಏಳಲಾರದವರಲ್ಲಿ ಕಾಲಿನ ಬಲ, ಕೀಲಿನ ಸಡಿಲ, ಮೈಯ ಸಮತೋಲ ಇವುಗಳಲ್ಲಿ ಒಂದೋ ಹೆಚ್ಚೋ ಕುಗ್ಗಿರುತ್ತವೆ. ಪರೀಕ್ಷೆ ಅದನ್ನು ತೋರಿಸಿಕೊಡುತ್ತದೆ.

ಇದನ್ನು ಓದಿದ ಪಟ್ಟಣದ ಜನ ‘ವ್ಯಾಯಾಮ ಮಾಡಿ’ ಎಂದು ಉಪದೇಶಿಸುತ್ತಾರೆ. ಒಳ್ಳೆಯ ಮಾತೇ. ಆದರೆ ನಲವತ್ತು ವರ್ಷ ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿದ ಹೆಂಗಸಿಗೆ, ಮೊರವನ್ನು ಮಡಿಲಲ್ಲಿಟ್ಟು ದಿನವಿಡೀ ಬೀಡಿ ಕಟ್ಟಿದವಳಿಗೆ, ಮೂಟೆ ಹೊತ್ತ ಹಮಾಲಿಗೆ ಮೈಮುರಿದು ದುಡಿಯುವುದನ್ನು ಯಾರು ಕಲಿಸಬೇಕು? ಅವರಿಗೆ ಕಡಿಮೆಯಾದದ್ದು ವಿಶ್ರಾಂತಿ, ಬೇಳೆ, ಹಾಲು, ಮಂಡಿನೋವಿಗೆ ಸಕಾಲದ ಚಿಕಿತ್ಸೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಪುಷ್ಟಿಯ ಆಹಾರವೂ ಬೇಕು, ತಿಳಿದವರು ಹೇಳಿಕೊಡುವ ಅಭ್ಯಾಸವೂ ಬೇಕು.

ಸರ್ಕಾರ ಕೊಟ್ಟದ್ದೇನು? ಇಂದಿರಾ ಗಾಂಧಿಯವರ ಹೆಸರಿನ ವೃದ್ಧಾಪ್ಯ ವೇತನ 2007ರಲ್ಲಿ ಜಾರಿಗೆ ಬಂದಾಗ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2011ರಲ್ಲಿ ಎಂಬತ್ತು ತುಂಬಿದವರಿಗೆ ಅದು 500 ಆಯಿತು. ಉಳಿದವರಿಗೆ ಅದೇ 200. ಹಿರಿಯರ ರಕ್ಷಣೆಗಾಗಿ ಅದೇ 2007ರಲ್ಲಿ ಆದ ಕಾನೂನು ಆಸ್ಪತ್ರೆಗಳಲ್ಲಿ ಅವರಿಗೆ ಪ್ರತ್ಯೇಕ ಸಾಲು ಇರಬೇಕೆನ್ನುತ್ತದೆ. ಸಾಲು ಪ್ರತ್ಯೇಕವಾದರೆ ಸಾಲದು, ಕೂರಲು ಬೆಂಚೂ ಬೇಕು. ಬೆಂಚಿಲ್ಲದ ಕಡೆ ನೆಲಕ್ಕೆ ಕುಳಿತ ಅಜ್ಜಿ ತನ್ನ ಸರದಿ ಬಂದಾಗ ಏಳುವುದು ಹೇಗೆ? ಮಕ್ಕಳು ಕೂಲಿಗೆ ಗುಳೆ ಹೋದ ಮನೆಯಲ್ಲಿ ಆಕೆ ಬಿದ್ದರೆ ನೆರೆಯವರು ಬರುವವರೆಗೆ ನೆಲವೇ ಗತಿ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಪಡಿತರ ಅಂಗಡಿ, ಪಂಚಾಯಿತಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಕೈಯಾಸರೆಯುಳ್ಳ ಬೆಂಚು ಹಾಕಲಿ. ಸಾರ್ವಜನಿಕ ಪಾಯಿಖಾನೆಗಳ ಗೋಡೆಗೆ ಹಿಡಿಕೆ ಕೂರಿಸಲಿ. ಪಡಿತರದಲ್ಲಿ ಬೇಳೆ ತಪ್ಪದೆ ಸಿಗಲಿ. ಅಂಗಸಾಧನೆ ಕಲಿಸುವ ಚಿಕಿತ್ಸಕರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿರಲಿ. ವೃದ್ಧಾಪ್ಯ ವೇತನ ಬೆಲೆಯೊಡನೆ ಏರಲಿ.

ಇದು ನಾಡಿಗೆ ಅನ್ನ ಬೆಳೆದುಕೊಟ್ಟವರ ಬಾಕಿ. ಗ್ರಾಮಸಭೆಗಳಲ್ಲಿ ನಮ್ಮ ಕಾರ್ಯಕರ್ತರು ಇದನ್ನು ಎತ್ತಬೇಕು; ಹಿರಿಯರನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿಯೇ ಎತ್ತಬೇಕು.